ನೆರೆಯವರೊಡನೆ ಆಡಿದರೆ ಮಾನ ಹೋಗುವುದೆ?

ಓದು ಬರಹ ಬಲ್ಲ ನಮ್ಮ ಫುಟ್‌ಬಾಲ್ ಅಭಿಮಾನಿಗಳ ಬಾಯಲ್ಲಿ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ: "ಭೂತಾನದವರೊಡನೆಯೂ ಮಾಲ್ಡೀವ್ಸಿನವರೊಡನೆಯೂ ಆಡಿ ನಮಗೆ ಬಂದ ಭಾಗ್ಯವೇನು?" ಮಾತು ಹೊಸದಲ್ಲ. ಮೊದಲು ಅದನ್ನು ಸ್ವಲ್ಪ ಸಂಕೋಚದಿಂದ ಆಡುತ್ತಿದ್ದರು. ಈಗ ಗಟ್ಟಿಯಾಗಿ, ಅದೊಂದು ಸಿದ್ಧಾಂತವೋ ಎಂಬಂತೆ ಆಡುತ್ತಾರೆ. ದಕ್ಷಿಣ ಏಷ್ಯದ ನೆರೆರಾಷ್ಟ್ರಗಳು ಸೇರಿ ಆಡುವ ಪಂದ್ಯಾವಳಿಯೊಂದುಂಟು. ಸ್ಯಾಫ್ ಎಂದು ಅದರ ಹೆಸರು. 2025ರಲ್ಲಿ ನಡೆಯಬೇಕಾಗಿದ್ದ ಅದು ಮುಂದಕ್ಕೆ ಹೋಯಿತು. ಯಾರೂ ಮರುಗಲಿಲ್ಲ. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ, ಮಧ್ಯ ಏಷ್ಯದ ದೇಶಗಳು 2023ರಲ್ಲಿ ತಮ್ಮತಮ್ಮೊಳಗೆ ಆರಂಭಿಸಿಕೊಂಡ ಹೊಸ ಪಂದ್ಯಾವಳಿಗೆ ನಮ್ಮ ತಂಡ ಅತಿಥಿಯಾಗಿ ಹೋಯಿತು. ಹೋದದ್ದೂ ಮಲೇಷಿಯದವರು ಬಿಟ್ಟುಕೊಟ್ಟ ಜಾಗಕ್ಕೆ. ಆಗ ಈ ಮಹಾಶಯರಿಗಾದ ಸಂತೋಷ ಹೇಳತೀರದು. "ಆಡಿದರೆ ಹೀಗೆ ಆಡಬೇಕು, ಇರಾನಿನೊಡನೆ, ಒಮಾನಿನೊಡನೆ. ಇನ್ನು ಈ ನೆರೆಹೊರೆಯ ಪಂದ್ಯಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಬಹುದು" ಎಂದರು. ನನ್ನ ಸಹೋದ್ಯೋಗಿಗಳಲ್ಲಿ ಹೀಗೆನ್ನುವವರಿದ್ದಾರೆ. ನನ್ನಲ್ಲಿ ಓದಿ ಹೋಗಿ ಈಗ ದೊಡ್ಡ ಕಂಪನಿಗಳಲ್ಲಿರುವ ಹುಡುಗರಲ್ಲಿಯೂ ಇದ್ದಾರೆ. ಇಂಗ್ಲೆಂಡಿನ ಕ್ಲಬ್ಬುಗಳ ಆಟ ನೋಡಲು ನಡುರಾತ್ರಿಯವರೆಗೆ ಎಚ್ಚರವಿದ್ದು ಬೆಳಗ್ಗೆ ಕೆಂಗಣ್ಣಿನಿಂದ ಕೆಲಸಕ್ಕೆ ಬರುವವರೆಲ್ಲ ಬಹುಮಟ್ಟಿಗೆ ಈ ಪಕ್ಷದವರೇ. ಅವರನ್ನು ವಿರೋಧಿಸುವುದಕ್ಕಾಗಿಯೇ ಈ ಲೇಖನ.

ಮೊದಲು ಅವರ ವಾದವನ್ನು ಅನ್ಯಾಯವಾಗದಂತೆ ಹೇಳಿಬಿಡುತ್ತೇನೆ. 1993ರಲ್ಲಿ ಲಾಹೋರಿನಲ್ಲಿ ಆರಂಭವಾದ ಈ ನೆರೆಹೊರೆಯ ಪಂದ್ಯಾವಳಿ 2023ರವರೆಗೆ 14 ಸಲ ನಡೆದಿದೆ. ಅದರಲ್ಲಿ 9 ಸಲ ಗೆದ್ದವರು ನಾವು. ಒಬ್ಬನೇ ಗೆಲ್ಲುವ ಆಟದಲ್ಲಿ ಸ್ವಾರಸ್ಯವೆಲ್ಲಿ? ಎರಡನೆಯದು, ಅಂತರರಾಷ್ಟ್ರೀಯ ಶ್ರೇಯಾಂಕ. ಕೆಳಗಿನವರನ್ನು ಗೆದ್ದರೆ ಅಂಕಗಳು ಕಾಳಿನಷ್ಟು ಬರುತ್ತವೆ, ಸೋತರೆ ಮೂಟೆಗಟ್ಟಲೆ ಹೋಗುತ್ತವೆ. ಮೂರನೆಯದು, ತನಗಿಂತ ಬಲ್ಲವನೊಡನೆ ಆಡಿದಾಗಲೇ ಆಟ ಬೆಳೆಯುವುದು. ಗರಡಿಯ ಹುಡುಗನಿಗೂ ಗೊತ್ತಿರುವ ಸಂಗತಿ ಇದು. ಮೂರೂ ಒಪ್ಪತಕ್ಕ ಮಾತುಗಳೇ. ಅಂಕಗಳ ಲೆಕ್ಕದಲ್ಲಿ ನನಗೆ ಯಾವ ತಕರಾರೂ ಇಲ್ಲ.

ನನ್ನ ತಕರಾರು ಇರುವುದು ಬೇರೆ ಕಡೆ. ಈ ಮೂರು ಮಾತುಗಳೂ ತರಬೇತುದಾರನ ಮಾತುಗಳು. ಹೆಚ್ಚೆಂದರೆ ಫುಟ್‌ಬಾಲ್ ಸಂಘದ ಕಾರ್ಯದರ್ಶಿಯ ಮಾತುಗಳು. ಅಭಿಮಾನಿಯಾದವನು ಯಾಕೆ ಇವನ್ನು ಆಡಬೇಕು? ಕಛೇರಿಗೆ ಹೋದ ರಸಿಕ ಹಾಡುಗಾರನ ರಾಗದ ಮಾತಾಡುವುದನ್ನು ಬಿಟ್ಟು ಸಭೆಯ ವಸೂಲಿಯ ಲೆಕ್ಕ ಮಾತಾಡಿದರೆ ಹೇಗಿರುತ್ತದೆ? ಫುಟ್‌ಬಾಲ್ ಪಂದ್ಯವೆಂಬುದು ಇಪ್ಪತ್ತೆರಡು ಜನರ ಕಾಲಿನಿಂದ ಮಾತ್ರ ಆಗುವಂಥದಲ್ಲ. ಸುತ್ತ ಕುಳಿತವರಿಂದಲೂ ಆಗುತ್ತದೆ. ನೆರೆರಾಷ್ಟ್ರಗಳ ಪಂದ್ಯಕ್ಕಂತೂ ಈ ಮಾತು ಇಮ್ಮಡಿಯಾಗಿ ಸಲ್ಲುತ್ತದೆ. ಅಲ್ಲಿ ಎದುರಾಳಿಯ ಕಡೆಯವನೂ ಬಂದು ನಮ್ಮ ಪಕ್ಕದಲ್ಲಿ ಕುಳಿತುಕೊಳ್ಳಬಹುದು. ಒಂದು ರಾತ್ರಿಯ ಪ್ರಯಾಣ, ಒಂದು ದಿನದ ರಜ ಸಾಕು. ಮಿಕ್ಕ ಯಾವ ಪಂದ್ಯಾವಳಿಗೂ ಈ ಸೌಭಾಗ್ಯವಿಲ್ಲ.

ಕನ್ನಡ ಪಾಠ ಹೇಳುವವನ ಚಾಳಿ, ಕ್ಷಮಿಸಬೇಕು. ನಮ್ಮ ಭಾಷೆಯಲ್ಲಿ 'ನೆರೆ' ಎಂದರೆ ಪಕ್ಕದವನು. 'ನೆರೆ' ಎಂದರೆ ಕೂಡು, ಒಟ್ಟಾಗು ಎಂದೂ ಅರ್ಥ. ಜಾತ್ರೆಗೆ ಜನ ನೆರೆದರು ಎನ್ನುತ್ತೇವಷ್ಟೆ. ಹೊಳೆ ಉಕ್ಕಿ ಬಂದರೆ ಅದೂ ನೆರೆಯೇ. ಈ ಮೂರನ್ನೂ ನಿಘಂಟಿನವರು ಬೇರೆ ಬೇರೆ ಸಾಲಿನಲ್ಲಿ ಬರೆಯಲಿ, ಅದು ಅವರ ಶಾಸ್ತ್ರ. ಆಡುವ ನಾಲಗೆಗೆ ಮಾತ್ರ ಅವು ಒಂದೇ ಸದ್ದು. ಪಕ್ಕದವರು ನೆರೆಯದೆ ನೆರೆಹೊರೆಯ ಪಂದ್ಯಾವಳಿ ಎಂದು ಹೆಸರಿಟ್ಟುಕೊಂಡರೆ ಅದು ಕರೆಯೋಲೆಯಿಲ್ಲದ ಮದುವೆ.

ನಮ್ಮ ಪಂದ್ಯಾವಳಿಗೆ ಬಂದಿರುವ ರೋಗ ಇದೇ. ಆಟದ ಮಟ್ಟ ಕಡಿಮೆಯೆಂದು ಅದು ಬಡವಾಗಿಲ್ಲ, ಎದುರಾಳಿಯ ಕಡೆಯ ಪ್ರೇಕ್ಷಕನನ್ನು ಗಡಿಯಲ್ಲೇ ನಿಲ್ಲಿಸಿಬಿಟ್ಟಿದ್ದೇವೆ, ಅದಕ್ಕೆ ಬಡವಾಗಿದೆ. ಈ ಮಾತಿಗೆ ಆಧಾರ ಕೊಡಬೇಕಾದರೆ ಸ್ವಲ್ಪ ದೂರ ಹೋಗಿಬರಬೇಕು. ನಮ್ಮ ನಡುರಾತ್ರಿಯ ಅಭಿಮಾನಿಗಳಿಗೆ ಪ್ರಿಯವಾದ ಇಂಗ್ಲೆಂಡಿಗೇ ಹೋಗೋಣ.

ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ಈ ನಾಲ್ಕು ನೆರೆಯವರು 1884ರಿಂದ ತಮ್ಮೊಳಗೆ ಒಂದು ಪಂದ್ಯಾವಳಿ ಆಡಿಕೊಂಡು ಬಂದರು. ದೇಶ ದೇಶಗಳ ನಡುವಣ ಫುಟ್‌ಬಾಲ್ ಪಂದ್ಯಾವಳಿಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು. ಐರ್ಲೆಂಡ್ ಎರಡಾದ ಮೇಲೆ ಉತ್ತರ ಐರ್ಲೆಂಡ್ ಅದರಲ್ಲಿ ಮುಂದುವರಿಯಿತು. ಎರಡು ಮಹಾಯುದ್ಧಗಳಲ್ಲಿ ನಿಂತದ್ದುಂಟು. ಬೆಲ್‌ಫಾಸ್ಟಿನ ಗಲಭೆಗಳಿಂದಾಗಿ 1981ರಲ್ಲಿ ಅರ್ಧಕ್ಕೇ ಮುಗಿದದ್ದೂ ಉಂಟು. ಆದರೂ ನೂರು ವರ್ಷ ಬಾಳಿತು. ಎರಡು ವರ್ಷಕ್ಕೊಮ್ಮೆ ಲಂಡನಿನ ವೆಂಬ್ಲಿಯಲ್ಲಿ ಇಂಗ್ಲೆಂಡಿನೊಡನೆ ಆಟ. ಅದಕ್ಕಾಗಿ ಸ್ಕಾಟ್ಲೆಂಡಿನ ಕೂಲಿಕಾರರು ವಾರ ವಾರ ಕಾಸು ಕೂಡಿಡುತ್ತಿದ್ದರು. 1977ರಲ್ಲಿ ಗೆದ್ದ ಉನ್ಮಾದದಲ್ಲಿ ಅವರು ಮೈದಾನಕ್ಕೆ ನುಗ್ಗಿ ಗೋಲಿನ ಕಂಬವನ್ನೇ ಮುರಿದು, ಹುಲ್ಲನ್ನು ಕಿತ್ತು ಮನೆಗೆ ಒಯ್ದರು. ಅದನ್ನು ನಾನು ಹೊಗಳುತ್ತಿಲ್ಲ. ಆದರೆ ಇರಾನಿನೊಡನೆ ಆಡಿದ ಪಂದ್ಯದ ಹುಲ್ಲನ್ನು ನಮ್ಮಲ್ಲಿ ಯಾರಾದರೂ ಮನೆಗೆ ತಂದಾರೆಯೆ?

ಈ ಪಂದ್ಯಾವಳಿಯನ್ನು ಕೊಂದ ವಾದ ಯಾವುದು ಬಲ್ಲಿರಾ? ಇಂದು ನಮ್ಮವರು ಹೇಳುವುದೇ. ಬಲಿಷ್ಠರೊಡನೆ ಆಡಬೇಕು, ಈ ಮನೆಮಂದಿಯ ಆಟಕ್ಕೆ ದಿನಗಳಿಲ್ಲ ಎಂದು ಮೊದಲು ಇಂಗ್ಲೆಂಡ್, ಅದರ ಹಿಂದೆಯೇ ಸ್ಕಾಟ್ಲೆಂಡ್ 1983ರಲ್ಲಿ ಹಿಂದೆಗೆದವು. ಪುಂಡಾಟಿಕೆಯ ಭಯವೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ. 1984ರ ಕೊನೆಯ ಪಂದ್ಯಾವಳಿಯನ್ನು ಗೆದ್ದದ್ದು ಯಾರು? ಸಣ್ಣವನಾದ ಉತ್ತರ ಐರ್ಲೆಂಡ್! ಕಪ್ ಅವರಲ್ಲೇ ಉಳಿಯಿತು. ಮುಂದೆ 1985ರಿಂದ ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡೇ ಸೇರಿ ರೌಸ್ ಕಪ್ ಎಂದು ಒಂದನ್ನು ಹೂಡಿದವು. ಎರಡು ವರ್ಷದಲ್ಲೇ ಅದು ಸಪ್ಪೆಯೆನಿಸಿ, ರುಚಿ ಹೆಚ್ಚಲೆಂದು ದಕ್ಷಿಣ ಅಮೆರಿಕದಿಂದ ಅತಿಥಿಗಳನ್ನು ಕರೆದರು: 1987ರಲ್ಲಿ ಬ್ರೆಜಿಲ್, 1988ರಲ್ಲಿ ಕೊಲಂಬಿಯ, 1989ರಲ್ಲಿ ಚಿಲಿ. 1989ಕ್ಕೇ ಅದು ಮುಗಿಯಿತು. ಮೂರು ವರ್ಷ ಅತಿಥಿಸತ್ಕಾರ, ಆಮೇಲೆ ಮನೆಗೇ ಬೀಗ.

ಇಷ್ಟಕ್ಕೆ ನಿಲ್ಲಲಿಲ್ಲ. 2011ರಲ್ಲಿ ಹಳೆಯದನ್ನು ಹೊಸದಾಗಿ ಕಟ್ಟುತ್ತೇವೆಂದು ಐರ್ಲೆಂಡ್ ಗಣರಾಜ್ಯ, ಉತ್ತರ ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್ ನಾಲ್ಕೂ ಡಬ್ಲಿನ್ ನಗರದಲ್ಲಿ ಸೇರಿದವು. ಇಂಗ್ಲೆಂಡ್ ಬರಲಿಲ್ಲ. ಬೀರು ಮಾಡುವ ಕಂಪನಿಯೊಂದರ ಹೆಸರನ್ನು ಪಂದ್ಯಾವಳಿಗೆ ಇಟ್ಟರು. ಅಭಿಮಾನಿಗಳಲ್ಲಿ ಹಳಬರು ಕಣ್ಣಲ್ಲಿ ನೀರು ತಂದುಕೊಂಡು ಸ್ವಾಗತಿಸಿದರು, ಹೊಸಬರು ಇದೇನು ಪಂದ್ಯಾವಳಿಯೆಂದು ಮೂಗು ಮುರಿದರು. ಇಬ್ಬರ ಮಾತೂ ಕೊನೆಗೆ ಲೆಕ್ಕಕ್ಕೆ ಬರಲಿಲ್ಲ. ಟಿಕೆಟ್ಟಿನ ಷರತ್ತುಗಳನ್ನು ಪ್ರತಿಭಟಿಸಿ ಉತ್ತರ ಐರ್ಲೆಂಡಿನ ಅಭಿಮಾನಿಗಳು ಬಹಿಷ್ಕಾರ ಹೂಡಿದರು. ಐವತ್ತು ಸಾವಿರಕ್ಕೂ ಹೆಚ್ಚು ಜನ ಹಿಡಿಸುವ ಕ್ರೀಡಾಂಗಣದಲ್ಲಿ, ಮೇ 27ರಂದು ವೇಲ್ಸ್ ಮತ್ತು ಉತ್ತರ ಐರ್ಲೆಂಡಿನ ಆಟ ನೋಡಲು ಕುಳಿತವರು 529 ಮಂದಿ. ನಮ್ಮ ಕಾಲೇಜಿನ ವಾರ್ಷಿಕೋತ್ಸವಕ್ಕೆ ಇದರ ಎರಡರಷ್ಟು ಜನ ಬರುತ್ತಾರೆ, ಅದೂ ತಿಂಡಿ ಇಲ್ಲದ ವರ್ಷ! ಕೊನೆಯ ಪಂದ್ಯದಲ್ಲಿ ಐರ್ಲೆಂಡ್ ಸ್ಕಾಟ್ಲೆಂಡನ್ನು ಒಂದು ಗೋಲಿನಿಂದ ಗೆದ್ದಿತು. ಎರಡನೆಯ ಸಲ ಆ ಪಂದ್ಯಾವಳಿ ನಡೆಯಲೇ ಇಲ್ಲ.

ಗಮನಿಸಿ: ಡಬ್ಲಿನ್ನಿನಲ್ಲಿ ಆಡಿದವರು ಬಲ್ಲ ಆಟಗಾರರೇ, ಮಟ್ಟಕ್ಕೇನೂ ಕೊರತೆಯಿರಲಿಲ್ಲ. ಕೊರತೆಯಾದದ್ದು ಎದುರು ಬದಿಯ ಪ್ರೇಕ್ಷಕನದು. ಅವನಿಲ್ಲದೆ ನಮ್ಮ ಕೂಗಿಗೆ ಮರುಕೂಗಿಲ್ಲ.

ಈಗ ಬೆಂಗಳೂರಿಗೆ ಬರೋಣ. 2023ರ ಜೂನ್ 21ರಿಂದ ಜುಲೈ 4ರವರೆಗೆ ಸ್ಯಾಫ್ ಪಂದ್ಯಾವಳಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ನಡೆಯಿತು. ಸಂಪಂಗಿ ಕೆರೆಯ ಅಂಗಳದಲ್ಲಿ ಎದ್ದ ಕ್ರೀಡಾಂಗಣ ಅದು. ಮಳೆ ಬಂದರೆ ಕೆರೆಗೆ ತನ್ನ ಹಳೆಯ ನೆನಪು ಮರುಕಳಿಸುತ್ತದೆ. ಮೊದಲ ದಿನವೇ ಭಾರತ, ಪಾಕಿಸ್ತಾನ. ಪಾಕಿಸ್ತಾನದ ತಂಡ ಮಾರಿಷಸ್ಸಿನಲ್ಲಿ ಆಡಿ ಅಲ್ಲಿಂದ ಬರಬೇಕಾಗಿತ್ತು. ವೀಸಾ ತಡವಾಯಿತು. ಆಟಗಾರರು ಎರಡು ಗುಂಪಾಗಿ ಪಂದ್ಯದ ದಿನವೇ ಬಂದಿಳಿದು, ನಿದ್ದೆಗಣ್ಣಿನಲ್ಲಿ ಅಂದೇ ರಾತ್ರಿ ಮಳೆಯಲ್ಲಿ ಆಡಿದರು. ಛೇಟ್ರಿ ಮೂರು ಗೋಲು ಹೊಡೆದರು, ಉದಾಂತ ಸಿಂಗ್ ಒಂದು. 4–0. ನಾವೆಲ್ಲ ಕುಣಿದೆವು. ಕುಣಿಯಬೇಕಾದದ್ದೇ. ಆದರೆ ಆಟಗಾರನ ವೀಸಾವೇ ಪಂದ್ಯದ ದಿನದವರೆಗೆ ತೂಗಾಡಿದಲ್ಲಿ ಪ್ರೇಕ್ಷಕನ ಪಾಡೇನೆಂದು ಊಹಿಸಬಹುದು. ತುಂಬಿದ ಆ ಕ್ರೀಡಾಂಗಣದಲ್ಲಿ ನಾನು ಕುಳಿತ ಕಡೆಯಿಂದ ನೋಡಿದಷ್ಟಕ್ಕೂ ಹಸಿರು ಅಂಗಿಯ ಗುಂಪೊಂದೂ ಕಾಣಲಿಲ್ಲ. ಹಾಗೆ ಗೆದ್ದ ಗೆಲುವಿನಲ್ಲಿ ಏನೋ ಒಂದು ಕಡಿಮೆಯಿತ್ತು.

ಏನು ಕಡಿಮೆಯಿತ್ತೆಂಬುದು ಮೂರು ದಿನ ಕಳೆದು, ಜೂನ್ 24ರ ಶನಿವಾರ ತಿಳಿಯಿತು. ಅಂದು ಭಾರತ, ನೇಪಾಳ. ನೇಪಾಳದವನಿಗೆ ವೀಸಾ ಬೇಡ. ಅದೂ ಅಲ್ಲದೆ ಅವನು ನಮ್ಮ ಊರಲ್ಲೇ ಇದ್ದಾನೆ. ಹೋಟೆಲಿನ ಅಡುಗೆಮನೆಯಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ದಿನವೂ ನೋಡುತ್ತೇವೆ, ಹೆಸರು ಕೇಳುವುದಿಲ್ಲ. ಅಂದು ಅವರು ಗುಂಪುಗುಂಪಾಗಿ, ಎರಡು ಮೂಲೆಯ ತಮ್ಮ ಬಾವುಟ ಹಿಡಿದು ಬಂದಿದ್ದರು. ನನ್ನ ಪಕ್ಕದಲ್ಲಿ ಕುಳಿತಿದ್ದವನು ಹೋಟೆಲಿನಲ್ಲಿ ಕೆಲಸ ಮಾಡುವ ಹುಡುಗ. ಊರು ಪೋಖರಾ. ಆರು ವರ್ಷದಿಂದ ಇಲ್ಲಿದ್ದಾನೆ, ಕನ್ನಡ ಚೆನ್ನಾಗಿಯೇ ಆಡುತ್ತಾನೆ.

"ಓನರ್ ರಜ ಕೊಟ್ರಾ?" ಎಂದೆ.

"ಕೊಡ್ಲಿಲ್ಲ ಸಾರ್. ಜ್ವರ ಅಂತ ಹೇಳಿ ಬಂದೆ. ನಾಳೆ ಡಬಲ್ ಡ್ಯೂಟಿ."

"ನಿಮ್ಮೋರು ಸೋತರೆ?"

"ಸೋತರೂ ಪರವಾಗಿಲ್ಲ ಸಾರ್. ಇಲ್ಲಿ ಬಂದ ಮೇಲೆ ನಮ್ಮ ದೇಶದ ಹೆಸರು ಜೋರಾಗಿ ಕೂಗಿದ್ದು ಇದೇ ಮೊದಲು."

ಮೊದಲರ್ಧದಲ್ಲಿ ಗೋಲಾಗಲಿಲ್ಲ. ನೇಪಾಳದವರು ಗೋಡೆಯಂತೆ ನಿಂತರು. ಎರಡನೆಯ ಅರ್ಧದಲ್ಲಿ ಎರಡು ಗೋಲಾದವು, ಎರಡೂ ನಮ್ಮವು. ನಡುವೆ ಆಟಗಾರರೊಳಗೆ ನೂಕಾಟವೂ ಆಯಿತು. ಆಗ ನಮ್ಮ ಸುತ್ತಿನ ಮೆಟ್ಟಿಲುಗಳ ಮೇಲೂ ಸ್ವಲ್ಪ ಬಿಸಿ ಏರಿತು; ನನ್ನ ಹಿಂದಿನ ಹುಡುಗರು ಏನೋ ಅಂದರು, ಪೋಖರಾದವನು ತಿರುಗಿ ನೋಡಿದ. ಅಷ್ಟರಲ್ಲಿ ಕಡಲೆಕಾಯಿಯವನು ಬಂದ. ವಾಚಕರು ನಗಬಾರದು, ಅಂತರರಾಷ್ಟ್ರೀಯ ಬಿಕ್ಕಟ್ಟೊಂದು ಅಲ್ಲಿಗೆ ಶಮನವಾಯಿತು. ಪಾಕಿಸ್ತಾನದ ಮೇಲಿನ ನಾಲ್ಕು ಗೋಲುಗಳಿಗಿಂತ ಈ ಎರಡು ಗೋಲುಗಳು ನನಗೆ ಹೆಚ್ಚು ರುಚಿಸಿದವು. ಎದುರು ಸೊಲ್ಲು ಇದ್ದುದರಿಂದ ನಮ್ಮ ಸೊಲ್ಲಿಗೂ ಅರ್ಥ ಬಂತು.

ಇನ್ನು ಅತಿಥಿಗಳ ವಿಷಯ. ಅಫಘಾನಿಸ್ತಾನ 2015ರ ಪಂದ್ಯಾವಳಿಯ ಹೊತ್ತಿಗಾಗಲೇ ಮಧ್ಯ ಏಷ್ಯದ ಒಕ್ಕೂಟವನ್ನು ಸೇರಿಕೊಂಡಿತ್ತು. ಶ್ರೀಲಂಕಾ 2023ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆಯ ಬಹಿಷ್ಕಾರದಲ್ಲಿತ್ತು. ಜಾಗ ತುಂಬಲು, ಮಟ್ಟ ಏರಿಸಲು ಕುವೈತನ್ನೂ ಲೆಬನಾನನ್ನೂ ಕರೆದರು. ಅಭಿಮಾನಿಗಳು ಚಪ್ಪಾಳೆ ತಟ್ಟಿದರು. ಏನಾಯಿತು? ಸೆಮಿಫೈನಲಿನ ನಾಲ್ಕು ಎಲೆಗಳಲ್ಲಿ ಎರಡು ಅತಿಥಿಗಳ ಪಾಲಾದವು. ಹದಿನಾಲ್ಕು ವರ್ಷಗಳ ಮೇಲೆ ಸೆಮಿಫೈನಲ್ ಮುಟ್ಟಿದ್ದ ಬಾಂಗ್ಲಾದೇಶ ಹೆಚ್ಚುವರಿ ಕಾಲದವರೆಗೆ ಹೋರಾಡಿ ಒಂದೇ ಗೋಲಿನಿಂದ ಕುವೈತಿಗೆ ಸೋತಿತು. ಫೈನಲಿನಲ್ಲಿ ನಾವೂ ಕುವೈತೂ 1–1 ಆಗಿ, ಪೆನಾಲ್ಟಿಗಳಲ್ಲಿ 5–4, ಗುರ್‌ಪ್ರೀತ್ ಸಿಂಗ್ ಕೊನೆಯದನ್ನು ತಡೆದರು. ಒಳ್ಳೆಯ ಪಂದ್ಯ. ಇಡೀ ಕ್ರೀಡಾಂಗಣ ಒಂದೇ ಕೊರಳಿನಿಂದ ಹಾಡಿದ ರಾತ್ರಿ ಅದು. ಆದರೂ ಕೇಳುತ್ತೇನೆ: ಕುವೈತಿಗೂ ನಮಗೂ ಫುಟ್‌ಬಾಲಿನಲ್ಲಿ ಯಾವ ಹಳೆಯ ಜಗಳವಿದೆ, ಯಾವ ಬಾಕಿಯಿದೆ? ಆ ಜಾಗದಲ್ಲಿ ಢಾಕಾದವರಿದ್ದು, ಕಲ್ಕತ್ತದಿಂದ ರೈಲಿನಲ್ಲಿ ಅವರ ಸಾವಿರ ಜನ ಬಂದಿದ್ದರೆ? ಮನೆಯವರಿಗೆ ಬಡಿಸುವ ಮೊದಲೇ ನೆಂಟರಿಗೆ ಬಡಿಸಿ ಔತಣ ಚೆನ್ನಾಯಿತೆಂದು ಬೀಗುವುದು ನನಗೆ ಸರಿದೋರುವುದಿಲ್ಲ.

"ಸಣ್ಣವರೊಡನೆ" ಎಂಬ ಮಾತಿಗೆ ಬರುತ್ತೇನೆ. ಸಣ್ಣವರೆಂದರೆ ಯಾರು? 2008ರಲ್ಲಿ ಮಾಲ್ಡೀವ್ಸ್ ಕೊಲಂಬೊದಲ್ಲಿ ನಮ್ಮನ್ನು ಸೋಲಿಸಿ ಗೆದ್ದಿತು. 2018ರಲ್ಲಿ ಢಾಕಾದಲ್ಲಿ ಇನ್ನೊಮ್ಮೆ. 2013ರಲ್ಲಿ ಕಾಠ್ಮಂಡುವಿನಲ್ಲಿ ಅಫಘಾನಿಸ್ತಾನ ನಮ್ಮನ್ನು 2–0ಯಿಂದ ಸೋಲಿಸಿದ ರಾತ್ರಿ ಕಾಬೂಲಿನ ಬೀದಿಗಳಲ್ಲಿ ಜನ ಕುಣಿದರು. ದಶಕಗಳ ಯುದ್ಧದಲ್ಲಿ ಬೆಂದ ಆ ಊರಿಗೆ ಬೀದಿಗಿಳಿಯಲು ಅಂಥ ಕಾರಣ ಎಷ್ಟು ಸಲ ಸಿಕ್ಕಿದ್ದೀತು? ನಮಗೆ ಒಂಬತ್ತನೆಯದೋ ಹತ್ತನೆಯದೋ ಆಗುವ ಕಪ್ ಅವರಿಗೆ ಮೊದಲನೆಯದಾಗಿತ್ತು. ಬೇಡವೆನ್ನುವಾಗ ನಾವು ನಮ್ಮ ಅಲಮಾರಿಯನ್ನು ಮಾತ್ರ ನೋಡಿ ಮಾತಾಡುತ್ತೇವೆ.

ಹೆಂಗಸರ ಪಂದ್ಯಾವಳಿಯನ್ನು ನೋಡಿ. ಮೊದಲ ಐದನ್ನೂ ಗೆದ್ದವರು ನಮ್ಮ ಹುಡುಗಿಯರು. 2022ರಲ್ಲಿ ಬಾಂಗ್ಲಾದ ಹುಡುಗಿಯರು ಕಾಠ್ಮಂಡುವಿನಲ್ಲಿ ನೇಪಾಳವನ್ನು ಸೋಲಿಸಿ ಗೆದ್ದಾಗ ಢಾಕಾದಲ್ಲಿ ತೆರೆದ ಬಸ್ಸಿನ ಮೇಲೆ ಅವರ ಮೆರವಣಿಗೆ ನಡೆಯಿತು. 2024ರಲ್ಲಿ ಮತ್ತೆ ಗೆದ್ದರು. 2025ರಲ್ಲಿ ಏಷ್ಯ ಕಪ್ಪಿಗೇ ಮೊದಲ ಸಲ ಅರ್ಹರಾದರು. ಸಣ್ಣ ಪಂದ್ಯಾವಳಿಯಿಂದ ಆಟ ಬೆಳೆಯುವುದಿಲ್ಲ ಎನ್ನುವವರು ಈ ಹುಡುಗಿಯರ ಎದುರು ನಿಂತು ಆ ಮಾತನ್ನು ಹೇಳಲಿ.

ಹುಡುಗರ ಸಂಗತಿಯನ್ನೂ ಹೇಳಬೇಕು. ತಜಿಕಿಸ್ತಾನದ ಹಿಸೋರ್ ಎಂಬ ಊರಿನಲ್ಲಿ 2025ರ ಸೆಪ್ಟೆಂಬರ್ 8ರಂದು ನಮ್ಮ ತಂಡ ಪೆನಾಲ್ಟಿಗಳಲ್ಲಿ ಒಮಾನನ್ನು ಮಣಿಸಿ ಮೂರನೆಯ ಸ್ಥಾನ ಪಡೆಯಿತು. ಒಳ್ಳೆಯದೇ. ಬಲ್ಲವರೊಡನೆ ಆಡಿದರೆ ಬೆಳೆಯುತ್ತೇವೆಂಬ ವಾದಕ್ಕೆ ಇದೋ ಸಾಕ್ಷಿ ಎಂದರು. ಮುಂದಿನ ತಿಂಗಳು ಮಡಗಾಂವಿನಲ್ಲಿ ಸಿಂಗಪುರಕ್ಕೆ ಸೋತು ಏಷ್ಯ ಕಪ್ಪಿನ ಬಾಗಿಲು ಮುಚ್ಚಿತು. ನವೆಂಬರ್ 18ರಂದು ಢಾಕಾದಲ್ಲಿ ಬಾಂಗ್ಲಾದೇಶ ನಮ್ಮನ್ನು 1–0ಯಿಂದ ಸೋಲಿಸಿತು, 22 ವರ್ಷಗಳಲ್ಲಿ ಮೊದಲ ಸಲ. ಅಂಕಗಳ ಲೆಕ್ಕಕ್ಕೆ ಬಂದರೆ ಎರಡು ತಂಡಗಳಿಗೂ ಆ ಪಂದ್ಯದಿಂದ ಆಗುವುದೇನೂ ಇರಲಿಲ್ಲ. ಎರಡೂ ಆಗಲೇ ಹೊರಬಿದ್ದಿದ್ದವು. ಆದರೆ ತುಂಬಿದ್ದ ಆ ಢಾಕಾ ಕ್ರೀಡಾಂಗಣವನ್ನು ನೀವು ನೋಡಬೇಕಾಗಿತ್ತು! ಏನೂ ಪಣವಿಲ್ಲದ ಪಂದ್ಯಕ್ಕೆ ಜನ ಹಾಗೆ ಬರುವುದು ನೆರೆಯವನು ಎದುರಿದ್ದಾಗ ಮಾತ್ರ.

ಇದು ನಾವು ಹೊಸದಾಗಿ ಕಲಿಯಬೇಕಾದ ವಿದ್ಯೆಯೂ ಅಲ್ಲ. 1952ರಿಂದ 1955ರವರೆಗೆ ಭಾರತ, ಪಾಕಿಸ್ತಾನ, ಸಿಂಹಳ, ಬರ್ಮ ಸೇರಿ ಕೊಲಂಬೊ ಕಪ್ ಎಂದು ಆಡಿದವು. ಮೊದಲ ವರ್ಷ ಕೊಲಂಬೊದಲ್ಲಿ, ಆಮೇಲೆ ರಂಗೂನಿನಲ್ಲಿ, ಕಲ್ಕತ್ತದಲ್ಲಿ, ಕೊನೆಗೆ ಢಾಕಾದಲ್ಲಿ. ದೇಶ ವಿಭಜನೆಯ ಗಾಯ ಇನ್ನೂ ಹಸಿಯಾಗಿದ್ದ ಕಾಲ ಅದು. ಮೊದಲ ಸಲ ಭಾರತ ಪಾಕಿಸ್ತಾನಗಳು ಪ್ರಶಸ್ತಿಯನ್ನು ಹಂಚಿಕೊಂಡವು. ನಾಲ್ಕು ವರ್ಷ ಸಿಂಹಳ ಬರ್ಮಗಳೊಡನೆ ಆಡಿದ್ದರಿಂದ ನಮ್ಮವರ ಕಾಲು ಮೊಂಡಾಯಿತೆ? 1956ರ ಮೆಲ್ಬರ್ನ್ ಒಲಿಂಪಿಕ್ಕಿನಲ್ಲಿ ಭಾರತ ನಾಲ್ಕನೆಯದಾಗಿ ನಿಂತಿತು. ನಮ್ಮ ಬೆಂಗಳೂರಿನ ಕೆಂಪಯ್ಯ ಆ ತಂಡದಲ್ಲಿದ್ದವರು. ಅದಕ್ಕಿಂತ ಎತ್ತರಕ್ಕೆ ಒಲಿಂಪಿಕ್ಕಿನಲ್ಲಿ ನಾವು ಮತ್ತೆ ಏರಿಲ್ಲ.

ಆಗ್ನೇಯ ಏಷ್ಯದವರು 1996ರಲ್ಲಿ ತಮ್ಮ ನೆರೆಹೊರೆಯ ಪಂದ್ಯಾವಳಿ ಆರಂಭಿಸಿದರು. ಅವರಲ್ಲಿಯೂ ವಿಶ್ವ ಕಪ್ಪಿನಲ್ಲಿ ಮೆರೆಯುವ ದೇಶಗಳಿಲ್ಲ. ಎಲ್ಲ ಸುಸೂತ್ರವಾಗಿ ನಡೆಯಿತೆಂದೂ ಅಲ್ಲ: 1998ರಲ್ಲಿ ವಿಯೆಟ್ನಾಮನ್ನು ಎದುರಿಸುವುದನ್ನು ತಪ್ಪಿಸಿಕೊಳ್ಳಲು ಥಾಯ್ಲೆಂಡೂ ಇಂಡೋನೇಷಿಯವೂ ಸೋಲುವುದಕ್ಕೇ ಸ್ಪರ್ಧಿಸಿ, ಇಂಡೋನೇಷಿಯದ ಆಟಗಾರನೊಬ್ಬ ಬೇಕೆಂದೇ ತನ್ನ ಗೋಲಿಗೇ ಚೆಂಡು ಹೊಡೆದ ನಗೆಪಾಟಲು ಪ್ರಸಂಗವೂ ನಡೆದಿದೆ. ಅಂಥ ನಾಚಿಕೆಯನ್ನೂ ದಾಟಿ ಅದು ಬಾಳುತ್ತಿದೆ. 2018ರ ಫೈನಲಿನ ಮೊದಲ ಪಂದ್ಯಕ್ಕೆ ಕೌಲಾಲಂಪುರದಲ್ಲಿ ಎಂಬತ್ತು ಸಾವಿರಕ್ಕೂ ಹೆಚ್ಚು ಜನ ನೆರೆದಿದ್ದರು. ಎರಡನೆಯ ಪಂದ್ಯ ಹನೊಯಿಯಲ್ಲಿ. ಅಲ್ಲಿ ಒಬ್ಬರ ಊರಿಗೆ ಇನ್ನೊಬ್ಬರು ಹೋಗಿ ಆಡುತ್ತಾರೆ. ಒಂದು ದೇಶದವರು ಇನ್ನೊಂದಕ್ಕೆ ಕೆಲವು ದಿನಗಳ ಮಟ್ಟಿಗೆ ಹೋಗಿಬರಲು ಬಹುಮಟ್ಟಿಗೆ ವೀಸಾ ಬೇಕಿಲ್ಲ. ಗುಟ್ಟು ಇಷ್ಟೇ.

ನಮ್ಮ ಫುಟ್‌ಬಾಲಿನ ಯಜಮಾನರು ಪ್ರೇಕ್ಷಕನನ್ನು ಎಷ್ಟು ಲೆಕ್ಕಕ್ಕೆ ಇಟ್ಟಿದ್ದಾರೆಂಬುದಕ್ಕೆ ಒಂದು ನಿದರ್ಶನ ಕೊಟ್ಟು ಮುಂದೆ ಹೋಗುತ್ತೇನೆ. ಸಂತೋಷ್ ಟ್ರೋಫಿಯಲ್ಲಿ ನಮ್ಮ ನಾಡು ಗೆದ್ದು 54 ವರ್ಷವಾಗಿತ್ತು. ಆಗ ಇದಕ್ಕೆ ಮೈಸೂರು ರಾಜ್ಯವೆಂದೇ ಹೆಸರು. 2023ರ ಮಾರ್ಚ್ 4ರಂದು ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿ ಮತ್ತೆ ಗೆದ್ದಿತು. ಎಲ್ಲಿ? ಸೌದಿ ಅರೇಬಿಯದ ರಿಯಾಧಿನಲ್ಲಿ! ಆಸ್ಟಿನ್ ಟೌನಿನ, ಗೌತಮಪುರದ ಮುದುಕರು ಅರ್ಧ ಶತಮಾನ ಕಾದ ಗೆಲುವು ಅದು. ಶಿಲ್ಲಾಂಗಿನವನೂ ಬೆಂಗಳೂರಿನವನೂ ಸೇರಿ ನೋಡಬೇಕಾದ ಆಟವನ್ನು ಸಮುದ್ರದಾಚೆ ಒಯ್ದರು. ಅದನ್ನೂ ಆಧುನಿಕತೆಯೆಂದು ಹೊಗಳಿದ ಅಭಿಮಾನಿಗಳಿದ್ದರು.

ಈ ಮನೋಧರ್ಮ ಫುಟ್‌ಬಾಲಿಗಷ್ಟೇ ಅಂಟಿದ್ದಲ್ಲ. ಈ ಪುರವಣಿಯ ವಾಚಕರಿಗೆ ಇದನ್ನು ಹೇಳದಿದ್ದರೆ ತಪ್ಪಾದೀತು. ರಷ್ಯದ ಕಾದಂಬರಿ, ಲ್ಯಾಟಿನ್ ಅಮೆರಿಕದ ಕಾದಂಬರಿ ನಮಗೆ ಕಂಠಪಾಠ. ಪಕ್ಕದ ತೆಲುಗಿನಲ್ಲಿ ಈ ಹತ್ತು ವರ್ಷಗಳಲ್ಲಿ ಬಂದ ಒಂದು ಕಾದಂಬರಿಯ ಹೆಸರು ಹೇಳಿ ಎಂದರೆ ಎಂ. ಎ. ತರಗತಿ ಮೌನವಾಗುತ್ತದೆ. ನೇಪಾಳಿಯಲ್ಲಿ ಕವಿಗಳಿದ್ದಾರೆಯೇ ಎಂದು ಕೇಳಿದ ಪದವೀಧರರನ್ನು ನಾನು ಕಂಡಿದ್ದೇನೆ. ಅವರಿಗೆ ಗೇಟಿನಲ್ಲಿ ಸಲಾಮು ಹೊಡೆಯುವ ನೇಪಾಳಿ ಮಾತ್ರ ಗೊತ್ತು.

"ಆಯಿತು ಸ್ವಾಮಿ, ಗಡಿ ತೆರೆದು ಕೂಡಿಸಿ, ಗಲಭೆಯಾದರೆ ಹೊಣೆ ಯಾರು?" ಎನ್ನುವವರಿಗೆ ಉತ್ತರ ಕೊಡಬೇಕು. ಭಯ ಸುಳ್ಳಲ್ಲ. 2025ರ ಏಪ್ರಿಲಿನಲ್ಲಿ ಪಹಲ್‌ಗಾಮಿನಲ್ಲಿ ಆದದ್ದನ್ನು ಮರೆತು ಮಾತಾಡುವವನು ನಾನಲ್ಲ. ಪಾಕಿಸ್ತಾನದ ವಿಷಯವನ್ನು ಸರ್ಕಾರ ತನ್ನ ವಿವೇಕದಿಂದ ನಿರ್ಧರಿಸಲಿ. ಆದರೆ ಒಬ್ಬನ ವಿಷಯದ ಕಷ್ಟವನ್ನು ಮುಂದೊಡ್ಡಿ ಎಲ್ಲರಿಗೂ ಬಾಗಿಲು ಹಾಕುವುದು ಯಾವ ನ್ಯಾಯ? ನೇಪಾಳ, ಭೂತಾನಗಳವರು ವೀಸಾ ಇಲ್ಲದೆ ಬರುತ್ತಾರೆ. ಮಾಲ್ಡೀವ್ಸಿನವರೂ ಹಾಗೆಯೇ ಬರುತ್ತಾರೆ. ಉಳಿದವರು ಶ್ರೀಲಂಕಾದವರು, ಬಾಂಗ್ಲಾದವರು. ಬಾಂಗ್ಲಾದವರಿಗೆ 2024ರ ಆಗಸ್ಟಿನ ಬಳಿಕ ವೀಸಾ ಕೊಡುವುದನ್ನು ಬಹಳ ಇಳಿಸಿಬಿಟ್ಟರು. ಇನ್ನು ನೂಕುನುಗ್ಗಲಿನ ಮಾತು. 2025ರ ಜೂನ್ 4ರಂದು ನಮ್ಮ ಊರಿನಲ್ಲೇ, ನಮ್ಮದೇ ಕ್ರಿಕೆಟ್ ತಂಡದ ಗೆಲುವಿನ ಸಂಭ್ರಮದಲ್ಲಿ ಹನ್ನೊಂದು ಜೀವ ಹೋದವು. ಅದು ನೆರೆದೇಶದ ಅಭಿಮಾನಿ ಹೊತ್ತು ತಂದ ಅನಾಹುತವಲ್ಲ.

ಮಾಡುವ ಮನಸ್ಸಿದ್ದರೆ ದಾರಿಯಿದೆ. 2018ರ ವಿಶ್ವ ಕಪ್ಪಿನಲ್ಲಿ ರಷ್ಯದವರು ಟಿಕೆಟ್ ಕೊಂಡವನಿಗೆ ಗುರುತಿನ ಚೀಟಿಯೊಂದನ್ನು ಕೊಟ್ಟು ವೀಸಾ ಇಲ್ಲದೆ ಒಳಬಿಟ್ಟರು. ಬಂದವನು ಯಾರು ಎಂಬುದು ಆ ಚೀಟಿಯಲ್ಲಿ ದಾಖಲಾಗಿತ್ತು. ಅಷ್ಟು ದೊಡ್ಡ ಜಾತ್ರೆಗೆ ಆದದ್ದು ಎರಡು ವಾರದ ನಮ್ಮ ಪಂದ್ಯಾವಳಿಗೆ ಆಗಲಾರದೆ? ಅಭಿಮಾನಿ ಮಹಾಶಯರು ಶ್ರೇಯಾಂಕದ ಪಟ್ಟಿಯನ್ನು ಮಡಚಿಟ್ಟು ಇದನ್ನು ಕೇಳಬೇಕು. ಈ ಪಂದ್ಯಾವಳಿ ಮತ್ತೆ ನಮ್ಮ ದೇಶಕ್ಕೆ ಬಂದಾಗ, ಹತ್ತರಲ್ಲೊಂದು ಪಾಲು ಜಾಗವನ್ನು ಎದುರಾಳಿಯ ದೇಶದವರಿಗೆಂದು ಮೀಸಲಿಡಲಿ, ನಮಗೆ ಕೊಟ್ಟ ಬೆಲೆಗೇ ಅವರಿಗೂ ಕೊಡಲಿ. ಟಿಕೆಟ್ಟಿನ ಜೊತೆಗೇ ಹತ್ತು ದಿನದ ವೀಸಾ ಕೊಡಲಿ. ಕೇಳಿದವರೆಷ್ಟು ಮಂದಿ, ಸಿಕ್ಕಿದವರೆಷ್ಟು ಮಂದಿ, ಇಲ್ಲವೆಂದದ್ದು ಯಾಕೆ ಎಂಬ ಲೆಕ್ಕವನ್ನು ಮೊದಲ ಪಂದ್ಯಕ್ಕೆ ಒಂದು ವಾರ ಮುಂಚೆಯೇ ಪತ್ರಿಕೆಗಳಲ್ಲಿ ಪ್ರಕಟಿಸಲಿ.